ಕೈಪಿಡಿಯೋ ಕೈಬಿಡಿಯೋ

ಆಳೂರು, ಮೂರನೇ ಅಂತಸ್ತು, ಕೈಪಿಡಿ ಕಚೇರಿ.
ಕ್ರಿ.ಶ. ೨೩೪೧ನೇ ಇಸವಿ, ಫೆಬ್ರವರಿ ೩೦.

ಹಿಂದಿನವರಾದ ನಿಮಗೆ ಮುಂದಿನವಳೊಬ್ಬಳ ನಮಸ್ಕಾರ.

ತಾರೀಕು ನೋಡಿ ಹುಬ್ಬೇರಿಸಬೇಡಿ. ನೆಲದಡಿಯಲ್ಲಿ ಬದುಕುವ ನಮಗೆ ಸೂರ್ಯನ ಹಂಗಿಲ್ಲ. ನಮ್ಮ ಹಿರಿಯರು ಎಲ್ಲ ತಿಂಗಳುಗಳನ್ನೂ ಮೂವತ್ತು ದಿನಕ್ಕೆ ಸಮವಾಗಿ ಕತ್ತರಿಸಿ, ಮಿಕ್ಕ ತುಂಡುಗಳಿಗೆ 'ಮಿಕ್ಕದಿನ' ಎಂದು ಹೆಸರಿಟ್ಟು ವರ್ಷದ ಕೊನೆಗೆ ರಜೆ ಘೋಷಿಸಿದರು. ನಿಮ್ಮ ಕಾಲದಲ್ಲಿ ಅರೆಹೊಟ್ಟೆಯಲ್ಲಿದ್ದ ಫೆಬ್ರವರಿ ನಮ್ಮ ಕಾಲದಲ್ಲಿ ಮೈಕೈ ತುಂಬಿಕೊಂಡಿದೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನಿಮ್ಮವು ನಮಗೂ ಹಾಗೆಯೇ. ಬೇಸಿಗೆ ರಜೆ ಎಂಬ ಮಾತನ್ನು ಪಾಠದಲ್ಲಿ ಓದಿದ ನಮ್ಮ ಮಕ್ಕಳು, ಆಗ ಬೇಸಿಗೆಯೇ ರಜೆ ಹಾಕಿ ಹೋಗುತ್ತಿತ್ತೇ ಎಂದು ಆಸೆಯಿಂದ ಕೇಳುತ್ತವೆ.

ನನ್ನ ಹೆಸರು ಸೊಣ್ಣಮ್ಮ. ಊರಿನವರು ಪ್ರೀತಿಯಿಂದಲೂ ಕಚೇರಿಯವರು ಅದಿಲ್ಲದೆಯೂ 'ಸೊನ್ನೆ ಮೇಡಂ' ಅನ್ನುತ್ತಾರೆ. ಎಣಿಕೆಯನ್ನು ಸೊನ್ನೆಯಿಂದಲೇ ಶುರುಮಾಡುವ ಯಂತ್ರಗಳ ನಡುವೆ ದುಡಿಯುವವಳಿಗೆ ಅದು ಅವಮಾನವಲ್ಲ, ಬಡ್ತಿ. ಆಳೂರಿನ ಕೈಪಿಡಿಗಾರ್ತಿ ನಾನು. ಅಂದರೆ, ಊರನ್ನು ನಡೆಸುವ ತಂತ್ರಾಂಶವನ್ನು ಹೇಗೆ ಬಳಸಬೇಕು, ಹೇಗೆ ತಿದ್ದಬೇಕು, ಯಾವ ಬಾಗಿಲನ್ನು ಯಾವಾಗ ಮುಚ್ಚಬೇಕು ಎಂದು ತಿಳಿಸುವ ಪುಸ್ತಕವನ್ನು ಬರೆದು ಕಾಪಾಡುವ ಕೆಲಸ. ನಾನು ಸರಿಯಾಗಿ ಬರೆದರೆ ಅದು ಕೈಪಿಡಿ. ಇಲ್ಲವಾದರೆ ಜನರನ್ನು ನಡುನೀರಿನಲ್ಲಿ ಬಿಡುವ ಕೈಬಿಡಿ. ಒಂದೇ ಅಕ್ಷರದ ಅಂತರ ಎಂದು ನಾನು ತಮಾಷೆ ಮಾಡುತ್ತಿದ್ದ ಕಾಲವೊಂದಿತ್ತು.

ಮೊದಲು ನಮ್ಮೂರಿನ ವಿಷಯ. ಕೋಲಾರದ ಕಡೆ ನಿಮ್ಮ ಹಿಂದಿನವರು ಚಿನ್ನ ತೆಗೆದುಕೊಂಡು ತೂತು ಬಿಟ್ಟುಹೋದರು. ಮೇಲಿನ ಬಿಸಿಲು ತಡೆಯಲಾಗದೆ ನಮ್ಮ ಹಿರಿಯರು ಆ ತೂತಿಗೇ ಇಳಿದರು. ತೀರಾ ಕೆಳಗೆ ಹೋದರೆ ಅಲ್ಲಿ ಬಂಡೆಯೇ ಕಾದಿರುತ್ತದೆ. ಎರಡು ಮಗ್ಗುಲೂ ಬೆಂದ ರೊಟ್ಟಿಯ ನಡುವೆ ಹಸಿಯಾಗಿ ಉಳಿದ ಹಿಟ್ಟಿನಂತೆ ನಮ್ಮ ವಾಸ. ಆಳದಲ್ಲಿರುವುದರಿಂದ ಆಳೂರು. ಇಲ್ಲಿ ಆಳುವವರೂ ಇದ್ದಾರೆ, ಆಳುಗಳೂ ಇದ್ದಾರೆ, ಹೀಗಾಗಿ ಹೆಸರು ಎಲ್ಲ ಕಡೆಯಿಂದಲೂ ಸರಿಹೋಗಿದೆ. ಮನೆಗಳನ್ನು ಮೇಲಿನಿಂದ ಕೆಳಕ್ಕೆ ಎಣಿಸುತ್ತೇವಾದ್ದರಿಂದ ಕೆಳಗಿಳಿದಷ್ಟೂ ಅಂತಸ್ತು ಹೆಚ್ಚುತ್ತದೆ. ನಿಮ್ಮ ಕಾಲದಲ್ಲಿ ಇದಕ್ಕೆ ಉಲ್ಟಾ ಇತ್ತಂತೆ. ದೀಪದ ಬೆಳಕಿನಲ್ಲಿ ರಾಗಿ ಬೆಳೆಯುತ್ತೇವೆ. ಮುದ್ದೆಗೆ ಅಣಬೆ ಸಾರು, ಅವರೆಕಾಳಿನ ಕಾಲದಲ್ಲಿ ಅವರೆಕಾಳು. ಅವರೆಯ ಸೊಗಡಿಗಾಗಿ ಗಾಳಿಬಾಗಿಲನ್ನು ಒಂದಿಷ್ಟು ಹೊತ್ತು ಅಡುಗೆಮನೆಗಳ ಕಡೆ ತಿರುಗಿಸಿಡುವ ಪದ್ಧತಿಯೂ ಉಂಟು. ಗಾಳಿಬಾಗಿಲೆಂದರೆ ಪ್ರತಿ ಅಂತಸ್ತಿಗೂ ಉಸಿರು ಹಂಚುವ ಕದ. ಊರಿಗೆ ಊರೇ ಈ ಬಾಗಿಲುಗಳನ್ನು ನಂಬಿಕೊಂಡಿದೆ. ನೀವು ಎದುರಾದವರನ್ನು ಊಟ ಆಯ್ತಾ ಎಂದು ಕೇಳುತ್ತಿದ್ದಿರಲ್ಲ, ನಾವು ಉಸಿರಾಯ್ತಾ ಎಂದು ಕೇಳುತ್ತೇವೆ. 'ಆಯ್ತು, ನಿಮ್ಮದು?' ಎನ್ನುವುದು ಮರ್ಯಾದೆ. ಸುಮ್ಮನೆ ತಲೆಯಾಡಿಸಿ ಮುಂದೆ ಹೋಗುವವರನ್ನು ಬಿಗಿ ಉಸಿರಿನವರು ಅನ್ನುತ್ತೇವೆ. ಅಂಥವರು ಹೆಚ್ಚಾಗಿ ಸಮಿತಿಗಳಲ್ಲಿ ಸಿಗುತ್ತಾರೆ.

ಗಾಳಿಬಾಗಿಲುಗಳನ್ನು ನಡೆಸುವ ತಂತ್ರಾಂಶವನ್ನು ಹತ್ತಾರು ಜನ ತಿದ್ದುತ್ತಿರುತ್ತಾರೆ. ಯಾರು, ಯಾವಾಗ, ಏನನ್ನು ತಿದ್ದಿದರು ಎಂದು ನೆನಪಿಡಲು ಇನ್ನೊಂದು ತಂತ್ರಾಂಶ ಬೇಕು. ಅದು ನಿಮ್ಮ ಕಾಲದಲ್ಲೂ ಇತ್ತು. ನಿಮ್ಮಿಂದ ನಮಗೆ ಬಳುವಳಿಯಾಗಿ ಬಂದದ್ದಕ್ಕೆ ನಾವು ಕೊಟ್ಟ ಹೆಸರು ಕವಲುಮರ. ತಿದ್ದಬೇಕಾದವರು ತಮ್ಮದೊಂದು ಕವಲು ಒಡೆಯುತ್ತಾರೆ, ಮರದಿಂದ ಹೊಸದನ್ನು 'ಎಳೆ'ಯುತ್ತಾರೆ, ತಿದ್ದಿದ್ದನ್ನು 'ಒಪ್ಪಿಸು'ತ್ತಾರೆ, ಮರಕ್ಕೆ 'ತಳ್ಳು'ತ್ತಾರೆ. ಒಪ್ಪಿಸುವಾಗ ಒಂದು ಪುಟ್ಟ ಡಬ್ಬಿ ಬಾಯಿ ತೆರೆದು ಕೇಳುತ್ತದೆ: ಯಾಕೆ? ಅದನ್ನು ತುಂಬದೆ ಮರ ನಮ್ಮನ್ನು ಬಿಡುವುದಿಲ್ಲ. ನಿಮ್ಮ ಕಾಲದವರು ಈ ಯಾಕೆ-ಡಬ್ಬಿಯಲ್ಲಿ ಬರೆದದ್ದನ್ನೆಲ್ಲ ನಾನು ಓದಿದ್ದೇನೆ. 'ಸರಿಮಾಡಿದೆ.' ಅದರ ಮೇಲೆ, 'ಮತ್ತೆ ಸರಿಮಾಡಿದೆ.' ಅದರ ಮೇಲೆ, 'ಈಗ ನಿಜವಾಗಿಯೂ ಸರಿಮಾಡಿದೆ.' ಅದರ ಮೇಲೆ ಬರೀ ಒಂದು ಚುಕ್ಕೆ. ಆ ಚುಕ್ಕೆಯನ್ನಿಟ್ಟವರು ಯಾರೋ ಗೊತ್ತಿಲ್ಲ, ಅವರ ಸುಸ್ತು ಮಾತ್ರ ಮುನ್ನೂರು ವರ್ಷ ದಾಟಿಕೊಂಡು ಬಂದು ನನ್ನನ್ನು ಮುಟ್ಟಿದೆ.

ಈ ಓಲೆಯನ್ನು ನಾನು ಬರೆಯುತ್ತಿರುವುದೂ ಒಂದು ಯಾಕೆ-ಡಬ್ಬಿಯ ಒಳಗೇ. ಕವಲುಮರಕ್ಕೆ ನಿಮ್ಮ ಕಾಲದ ಪಂಚಾಂಗವೇ ಗಟ್ಟಿ. ಫೆಬ್ರವರಿ ಮೂವತ್ತು ಎಂದರೆ ಒಪ್ಪುವುದಿಲ್ಲ. ನಿಮ್ಮ ಕಾಲದ ತಾರೀಕೊಂದನ್ನು ಕೊಟ್ಟರೆ ತುಟಿಪಿಟಕ್ಕೆನ್ನದೆ ತೆಗೆದುಕೊಂಡು ನಿಮ್ಮ ಟಿಪ್ಪಣಿಗಳ ನಡುವೆ ಜೋಡಿಸಿಡುತ್ತದೆ. ಹಾಗಾಗಿ ಇದು ನಿಮ್ಮ ವಿಳಾಸಕ್ಕೆ ಬಂದಿದೆ.

ಹೋದ ವರ್ಷ ನಮ್ಮ ಪರಿಷ್ಕರಣ ಸಮಿತಿ ಕವಲುಮರವನ್ನು ಬಿಟ್ಟು 'ಒಂದೇಗೆರೆ' ಎಂಬ ಹೊಸ ಯಂತ್ರಕ್ಕೆ ಹೋಗಲು ತೀರ್ಮಾನಿಸಿತು. ಹೊಸದರ ಮೇಲೆ ನನಗೆ ಮುನಿಸಿಲ್ಲ. ಹಳೆಯ ಮರ ಮುದಿಯಾಗಿತ್ತು, ಎರಡು ಕವಲುಗಳನ್ನು ಕೂಡಿಸಲು ಹೋದರೆ ಬೀಗರ ಜಗಳದಂತೆ ವಾರಗಟ್ಟಲೆ ಎಳೆದಾಡುತ್ತಿತ್ತು. ಒಂದೇಗೆರೆಯಲ್ಲಿ ಕವಲಿಲ್ಲ, ಜಗಳವಿಲ್ಲ, ತಡವಿಲ್ಲ. ನಿನ್ನೆ ಏನಿತ್ತು ಎಂದು ತೋರಿಸುವ ಅಭ್ಯಾಸವೂ ಇಲ್ಲ. ಇವತ್ತಿನ ಪುಟ ಮಾತ್ರ. ಯಾಕೆ ಎಂದು ಕೇಳುವ ಡಬ್ಬಿಯಂತೂ ಇಲ್ಲವೇ ಇಲ್ಲ. ಪದಗಳೂ ಬದಲಾದವು: ಎಳೆ ಹೋಗಿ ಪಡೆ ಬಂತು, ಒಪ್ಪಿಸು ಹೋಗಿ ಅರ್ಪಿಸು ಬಂತು, ತಳ್ಳು ಹೋಗಿ ಸೇರಿಸು ಬಂತು. ಕೈಪಿಡಿಯನ್ನು ಇದಕ್ಕೆ ತಕ್ಕಂತೆ ತಿದ್ದಬೇಕಿತ್ತು. ಪುಟಪುಟವನ್ನೂ ಓದಿ ತಿದ್ದಲು ಮಿಕ್ಕದಿನಗಳವರೆಗೆ ಸಮಯ ಕೊಡಿ ಎಂದು ಕೇಳಿದೆ. ಸಮಿತಿಯ ಮುಖ್ಯಸ್ಥರು ಚೌಡಪ್ಪನವರು, ಮಾತು ಮೃದು, ನಡೆ ಗಡುಸು. ಅವರು ನಕ್ಕರು. "ಓದೋದ್ಯಾಕಮ್ಮ? ಎಲ್ಲೆಲ್ಲಿ ಎಳೆ ಐತೋ ಅಲ್ಲೆಲ್ಲ ಪಡೆ ಅಂತ ಹಾಕು ಅಂದ್ರೆ ಯಂತ್ರ ಹಾಕ್ತದೆ. ಒಂದು ಉಸಿರಿನ ಕೆಲಸ." ಕನ್ನಡದಲ್ಲಿ ಎಳೆ ಎಂಬುದು ಒಂದೇ ಅಲ್ಲ ಸಾರ್, ದಾರವೂ ಎಳೆ, ಹಸುಳೆಯೂ ಎಳೆ ಎಂದೆ. "ನೀವು ಎಲ್ಲದರಲ್ಲೂ ಶ್ಲೇಷೆ ಹುಡುಕ್ತೀರಿ, ಅದೇ ನಿಮ್ಮ ತೊಂದ್ರೆ" ಅಂದರು. ಅವರೇ ಗುಂಡಿ ಒತ್ತಿದರು. ಕವಲುಮರ ಯಾಕೆ ಎಂದು ಕೇಳಿದಾಗ ಅವರು ತುಂಬಿದ್ದು ಎರಡೇ ಪದ: 'ಸಣ್ಣಪುಟ್ಟ ಬದಲಾವಣೆ.'

ಅದಾದ ಮೇಲೆ ಕೆಲವು ದಿನ ಊರೆಲ್ಲ ನಗೆ. ಗಾಳಿ ಸೋಸುವ ಶೋಧಕಬಟ್ಟೆಯ ಎಳೆ ಹರಿದಿದ್ದರೆ ಎಂಬುದು ಶೋಧಕಬಟ್ಟೆಯ ಪಡೆ ಹರಿದಿದ್ದರೆ ಎಂದಾಗಿತ್ತು. ಬಾಗಿಲನ್ನು ಎಳೆದುಕೊಳ್ಳಿ ಎಂಬಲ್ಲಿ ಬಾಗಿಲನ್ನು ಪಡೆದುಕೊಳ್ಳಿ ಎಂದಿದ್ದರಿಂದ ಒಬ್ಬ ಮಹಾಶಯ ಬಾಗಿಲು ಪಡೆಯಲು ಉಗ್ರಾಣಕ್ಕೆ ಅರ್ಜಿ ಹಾಕಿದ. ತಳ್ಳುಗಾಡಿ ಸೇರಿಸುಗಾಡಿಯಾಯಿತು. ಕೀಲಿಕೈಯನ್ನು ಕಾವಲುಗಾರರಿಗೆ ಅರ್ಪಿಸಿ ಎಂದು ಓದಿದ ಹೆಣ್ಣುಮಗಳೊಬ್ಬಳು ತಟ್ಟೆಯಲ್ಲಿ ಹೂವಿಟ್ಟು ತಂದುಕೊಟ್ಟಳು. ಕಾವಲುಗಾರ ನಾಚಿಕೊಂಡು ಎರಡೂ ಕೈಯಲ್ಲಿ ಇಸಿದುಕೊಂಡನಂತೆ. ಶಿಶುಮನೆಯ ಮೇಲ್ವಿಚಾರಕಿ ಇರುದಯಮೇರಿ ನನ್ನ ಬಾಲ್ಯದ ಗೆಳತಿ. ಅಡುಗೆಮನೆಯ ಅಧ್ಯಾಯದಲ್ಲಿ 'ಪಡೆಯ ಬೆಂಡೆಕಾಯಿಯನ್ನೇ ಆರಿಸಿ' ಎಂದಿದ್ದನ್ನು ಓದಿಕೊಂಡು ನನ್ನ ಮೇಜಿನವರೆಗೂ ಬಂದಳು. "ಏನೇ ಸೊನ್ನೆ, ಬೆಂಡೆಕಾಯಿಗೂ ಯೂನಿಫಾರಂ ಹೊಲಿಸ್ಬೇಕೇನೇ ಈಗ? ಮಾರ್ಚ್ ಪಾಸ್ಟ್ ಮಾಡ್ಸಿ ಸಾರಿಗೆ ಹಾಕ್ಲಾ?" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಪ್ಪುಗಳ ಪಟ್ಟಿ ಮಾಡಿ ಸಮಿತಿಗೆ ಕಳಿಸಿದೆ. ಚೌಡಪ್ಪನವರು ಅದನ್ನು ಗಾಳಿಮಾತು ಎಂದು ಬದಿಗಿಟ್ಟರು. ಗಾಳಿಯ ಬಗ್ಗೆ ಆಡಿದ ಮಾತು, ಆ ಮಟ್ಟಿಗೆ ಅವರು ಹೇಳಿದ್ದು ನಿಜ.

ಆಮೇಲೆ ಬಾಗಿಲುಗಳ ಪರೀಕ್ಷೆ ಬಂತು. ಹೊಸ ಯಂತ್ರಕ್ಕೆ ಹೋದ ಮೇಲೆ ಪ್ರತಿ ಗಾಳಿಬಾಗಿಲನ್ನೂ ಒಮ್ಮೆ ಮುಚ್ಚಿ ತೆರೆದು ನೋಡಬೇಕಿತ್ತು. ಆ ಕೆಲಸ ಬಾಗಿಲುಕಟ್ಟೆಯ ರೆಡ್ಡೆಪ್ಪನದು. ಹೊಸದಾಗಿ ವರ್ಗವಾಗಿ ಬಂದವನು, ಪುಸ್ತಕದಲ್ಲಿ ಇದ್ದಂತೆ ಮಾಡುವವನು. ನಮ್ಮ ಪುಸ್ತಕದಲ್ಲಿ ತಲೆತಲಾಂತರದಿಂದ ಒಂದು ಸಾಲಿದೆ: 'ಎಳೆಯ ಮಕ್ಕಳು ಮಲಗುವ ಅಂತಸ್ತನ್ನು ಬಿಟ್ಟು ಉಳಿದ ಎಲ್ಲ ಬಾಗಿಲುಗಳನ್ನು ಪರೀಕ್ಷೆಗಾಗಿ ಮುಚ್ಚಬಹುದು.' ರೆಡ್ಡೆಪ್ಪನ ಮುಂದಿದ್ದ ಪುಟದಲ್ಲಿ ಅದು ಹೀಗಿತ್ತು: 'ಪಡೆಯ ಮಕ್ಕಳು ಮಲಗುವ ಅಂತಸ್ತನ್ನು ಬಿಟ್ಟು.' ಆಳೂರಿಗೆ ಪಡೆಯಿಲ್ಲ. ಪಡೆಯುವವರು ಬೇಕಾದಷ್ಟಿದ್ದಾರೆ, ಪಡೆ ಎಂಬುದು ಯಾವತ್ತೂ ಇರಲಿಲ್ಲ. ಅವನಿಗೆ ಅನುಮಾನ ಬಂದು ಸಮಿತಿಗೆ ಫೋನು ಮಾಡಿದ. "ಸಾರ್, ನಮ್ಮೂರಲ್ಲಿ ಪಡೆಯೋರ ಮಕ್ಕಳು ಯಾವ ಅಂತಸ್ತಲ್ಲಿ ಅವ್ರೆ?" ಅತ್ತಲಿಂದ ಬಂದ ಉತ್ತರ: "ನಮ್ಮೂರಲ್ಲಿ ಎಲ್ಲಪ್ಪ ಪಡೆ? ಇಲ್ಲ ಅಂದ್ಮೇಲೆ ಬಿಡೋದೇನೈತೆ, ಎಲ್ಲಾನೂ ಮುಚ್ಚಿ ನೋಡು." ಅವನು ಮುಚ್ಚಿದ.

ಶಿಶುಮನೆಯ ಬಾಗಿಲು ಊರಿನ ಹಳೆಯ ಬಾಗಿಲು. ಒಮ್ಮೆ ಮುಚ್ಚಿದರೆ ಎರಡು ಕಡೆಯ ಗಾಳಿಯ ಒತ್ತಡ ಸಮವಾಗುವವರೆಗೆ ಮತ್ತೆ ತೆರೆದುಕೊಳ್ಳುವುದಿಲ್ಲ. ಮಧ್ಯಾಹ್ನ ಊಟವಾಗಿ ಮಕ್ಕಳನ್ನು ಮಲಗಿಸುವ ಹೊತ್ತು. ಇರುದಯಮೇರಿ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ಯಾವತ್ತಾದ್ರೂ ಎಲ್ಲಾ ಮಕ್ಕಳೂ ಒಟ್ಟಿಗೆ ನಿದ್ದೆ ಮಾಡಿದ್ದುಂಟೇನೇ? ಒಂದು ಮಲಗಿದ್ರೆ ಇನ್ನೊಂದು ರಾಗ ತೆಗೀತೈತೆ. ಅವತ್ತು ಒಂದೂ ಅಳ್ಲಿಲ್ಲ. ಆಹಾ ಎಂಥಾ ದಿನ ಅಂತ ನಾನೂ ಕಾಲು ಚಾಚಿದೆ. ಆಮೇಲೆ ನಂಗೇ ಆಕಳಿಕೆ ನಿಲ್ತಾನೇ ಇಲ್ಲ. ಆಗ ಹೊಳೀತು, ಇದು ನಿದ್ದೆ ಅಲ್ಲ ಅಂತ." ಅವಳು ಕೈಗೆ ಸಿಕ್ಕ ಸೌಟಿನಿಂದ ಗಾಳಿಕೊಳವೆಯನ್ನು ಬಡಿದಳು. ಸದ್ದು ಅಂತಸ್ತಿನಿಂದ ಅಂತಸ್ತಿಗೆ ಹೋಯಿತು. ಮೊದಲು ಓಡಿ ಬಂದವನು ರೆಡ್ಡೆಪ್ಪನೇ. ಬಾಗಿಲು ತೆರೆಯುವುದಿಲ್ಲವೆಂದು ಗೊತ್ತಾದಾಗ ಅವನು ಅದರ ಚೌಕಟ್ಟನ್ನೇ ಕೊಡಲಿಯಿಂದ ಒಡೆದು ಗಾಳಿ ಬಿಟ್ಟ. ಮಕ್ಕಳನ್ನು ಎರಡೆರಡಾಗಿ ಎತ್ತಿಕೊಂಡು ಹೊರಗೆ ತಂದರು. ಎಲ್ಲವೂ ಉಳಿದವು. ಒಂದು ಹೆಣ್ಣುಮಗು ಮಾತ್ರ ಬಹಳ ಹೊತ್ತು ಅಳಲೇ ಇಲ್ಲ. ಅದು ಕೊನೆಗೂ ಬಾಯಿಬಿಟ್ಟು ಕಿರುಚಿದಾಗ ಇಡೀ ಅಂತಸ್ತು ನೆಲಕ್ಕೆ ಕೂತು ಅಳತೊಡಗಿತು. ಆ ದಿನದಿಂದ ನಾನು ಪಡೆಯ ಬೆಂಡೆಕಾಯಿಯ ಮಾತೆತ್ತಿಲ್ಲ.

ಮಾರನೆಯ ಬೆಳಿಗ್ಗೆ ನೋಡಿದರೆ ಒಂದೇಗೆರೆಯ ಕೈಪಿಡಿಯಲ್ಲಿ 'ಎಳೆಯ ಮಕ್ಕಳು' ಎಂದೇ ಇತ್ತು. ಯಾರೋ ಸದ್ದಿಲ್ಲದೆ ತಿದ್ದಿದ್ದರು. ನಿನ್ನೆಯ ಪುಟವನ್ನು ಆ ಯಂತ್ರ ತೋರಿಸುವುದಿಲ್ಲ. ಹೀಗಾಗಿ ಪುಸ್ತಕ ಯಾವಾಗಲೂ ಸರಿಯಾಗಿಯೇ ಇತ್ತು, ರೆಡ್ಡೆಪ್ಪನೇ ಸರಿಯಾಗಿ ಓದಲಿಲ್ಲ ಎಂದಾಯಿತು. ಫೋನಿಗೆ ಉತ್ತರ ಕೊಟ್ಟವರು ಯಾರೆಂದು ಯಾರಿಗೂ ನೆನಪಿಲ್ಲ. ಊರಿನ ಮುಂದೆ ಹೆಸರಿಗೊಂದು ವಿಚಾರಣೆ, ಆಮೇಲೆ ಅವನಿಗೆ ಶಿಕ್ಷೆ, ಮೇಲಕ್ಕೆ ಕಳಿಸುವುದು. ಮೇಲಕ್ಕೆ ಹೋಗುವುದು ಎಂಬ ಮಾತಿಗೆ ನಿಮ್ಮಲ್ಲಿ ಯಾವ ಅರ್ಥವಿತ್ತೋ, ಮೇಲಿನ ಬಿಸಿಲಿನಿಂದಾಗಿ ನಮ್ಮಲ್ಲೂ ಹೆಚ್ಚುಕಡಿಮೆ ಅದೇ ಅರ್ಥ. ಇನ್ನು ಬೇಕಾಗಿದ್ದದ್ದು ನನ್ನ ರುಜು ಒಂದೇ: ಕೈಪಿಡಿಯ ಪರಿಷ್ಕರಣೆ ದೋಷವಿಲ್ಲದೆ ಮುಗಿದಿದೆ ಎಂದು. ಚೌಡಪ್ಪನವರು ನನ್ನನ್ನು ಕರೆಸಿ ಚಹಾ ಕೊಟ್ಟರು. "ಸೊಣ್ಣಮ್ಮನೋರೇ, ಯಂತ್ರ ತಪ್ಪು ಮಾಡಲ್ಲ. ಒಂದು ರುಜು ಹಾಕ್ಬಿಡಿ, ಎಲ್ಲಾರೂ ನೆಮ್ಮದಿಯಾಗಿ ಉಸಿರಾಡ್ಕೊಂಡು ಇರೋಣ." ಮತ್ತೆ ರೆಡ್ಡೆಪ್ಪ? ಎಂದೆ. "ಅವನೂ ಉಸಿರಾಡ್ತಾನೆ ಬಿಡಿ. ಮೇಲ್ಗಡೆ." ಚಹಾ ಕುಡಿಯದೆ ಎದ್ದು ಬಂದೆ. ಒಳ್ಳೆಯ ಚಹಾ ಆಗಿತ್ತು, ಅದೊಂದು ಬೇಜಾರು.

ಹೊಸ ಯಂತ್ರ ಬಂದ ಮೇಲೂ ಕವಲುಮರವನ್ನು ಇಷ್ಟು ದಿನ ಜೊತೆಗಿಟ್ಟುಕೊಂಡಿದ್ದರು, ಇವತ್ತು ಅದರ ಕೊನೆಯ ದಿನ. ನಾನು ಕೊನೆಯ ಸಲ ಒಪ್ಪಿಸಬೇಕು. ಒಪ್ಪಿಸಿದ ಕೂಡಲೇ ಹಳೆಯ ಪುಟಗಳೆಲ್ಲ ಅಳಿಸಿಹೋಗುತ್ತವೆ. ನಿಯಮದ ಪ್ರಕಾರ ಈ ಕೊನೆಯ ಯಾಕೆ-ಡಬ್ಬಿಯಲ್ಲಿರುವುದು ಮಾತ್ರ ಒಂದೇಗೆರೆಗೆ ಅಡಿಗಲ್ಲಾಗಿ ಹೋಗುತ್ತದೆ. ಮುಂದಿನ ಪ್ರತಿ ಸಾಲೂ ಅದರ ಮೇಲೆ ಕೂರುತ್ತದೆ, ಅದನ್ನು ಕಿತ್ತರೆ ಮೇಲಿನದೆಲ್ಲ ಕುಸಿಯುತ್ತದೆ. ಡಬ್ಬಿಯಲ್ಲಿ ಬರೆಯಬೇಕಾದದ್ದನ್ನೂ ಸಮಿತಿಯೇ ಕೊಟ್ಟಿತ್ತು, 'ಪರಿಷ್ಕರಣೆ ಪೂರ್ಣ.' ನಾನು ಬರೆಯಲಿಲ್ಲ. ಉಸಿರೆತ್ತಬಾರದು ಎಂದರು, ಉಸಿರಿನ ವಿಷಯದಲ್ಲೇ ಎತ್ತದೆ ಇನ್ನೆಲ್ಲಿ ಎತ್ತಲಿ? ಡಬ್ಬಿಯ ಉದ್ದಕ್ಕೆ ಮಿತಿಯಿಲ್ಲ. ನಿಮ್ಮ ಕಾಲದವರು ಹಾಕಲು ಮರೆತರೋ ಬೇಕೆಂದೇ ಬಿಟ್ಟರೋ, ಹೇಗಿದ್ದರೂ ನಾನು ಋಣಿ. ಗುಂಡಿ ಒತ್ತುವುದಕ್ಕೆ ಮುಂಚಿನ ಸಾಲು, ಒತ್ತಿದ ನಂತರದ ಸಾಲು, ಒತ್ತಿದವರ ಹೆಸರು, ಅವರು ಕೊಟ್ಟ ಎರಡು ಪದದ ಕಾರಣ, ಎಲ್ಲವೂ ಈ ಓಲೆಯೊಳಗೆ ಇವೆ. ಮರದೊಳಗಿನ ಪುಟಗಳನ್ನು ಅವರು ಒರೆಸಲಿ. ಈ ಓಲೆಯನ್ನು ತಮ್ಮ ಹೊಸ ಮನೆಯ ತಳಪಾಯದಲ್ಲಿ ತಾವೇ ಇಟ್ಟುಕೊಳ್ಳುತ್ತಿದ್ದಾರೆ. ನಾಡಿದ್ದಿನ ವಿಚಾರಣೆಯಲ್ಲಿ ರೆಡ್ಡೆಪ್ಪ ಬೇರೇನೂ ಹೇಳಬೇಕಾಗಿಲ್ಲ, ಒಂದೇಗೆರೆಯ ಅಡಿಗಲ್ಲನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಎಂದರೆ ಸಾಕು. ಅವನಿಗೆ ಅದನ್ನು ಹೇಳಿದ್ದೇನೆ. "ಮೇಡಂ, ಇದಕ್ಕೆ ನಿಮ್ಮನ್ನೂ ಮೇಲಕ್ಕೆ ಕಳಿಸ್ತಾರೆ" ಅಂದ. ಕಳಿಸಲಿ. ಇರುದಯಮೇರಿಯಂತೂ ಆಗಲೇ ತಯಾರು. "ನೀನು ಹೋದ್ರೆ ನಾನೂ ಬರ್ತೀನಿ, ಮಕ್ಕಳನ್ನೂ ಹೊತ್ಕೊಂಡು ಬರ್ತೀನಿ. ಆಗ ನೋಡೋಣ ಈ ಊರಲ್ಲಿ ಯಾರನ್ನ ಆಳ್ತಾರೆ ಅಂತ."

ಕೈಪಿಡಿಯನ್ನೂ ನಾನು ಸುಮ್ಮನೆ ಬಿಟ್ಟಿಲ್ಲ. ಪ್ರತಿ ಪುಟವನ್ನೂ ಓದಿ ಕೈಯಾರೆ ತಿದ್ದಿದ್ದೇನೆ. ಎಳೆಯಬೇಕಾದಲ್ಲಿ ಎಳೆ, ಪಡೆಯಬೇಕಾದಲ್ಲಿ ಪಡೆ. ಹೊಸ ಯಂತ್ರ ಯಾಕೆ ಎಂದು ಕೇಳದಿದ್ದರೇನಂತೆ, ಪ್ರತಿ ನಿಯಮದ ಪಕ್ಕದಲ್ಲೇ ಅದರ ಕಾರಣವನ್ನು ಸೇರಿಸಿದ್ದೇನೆ. ಎಳೆಯ ಮಕ್ಕಳ ಬಾಗಿಲನ್ನು ಮುಚ್ಚಬೇಡಿ. ಯಾಕೆಂದರೆ ಉಸಿರು ಕಟ್ಟಿದರೆ ಅವು ಹೇಳಲಾರವು, ನಿದ್ದೆ ಹೋಗುತ್ತವೆ. ಹೀಗೆ ಬರೆದರೆ ಯಾವ ಪದ ಅದಲುಬದಲಾದರೂ ಓದುವವರ ಕೈ ಬಾಗಿಲ ಬಳಿ ಒಂದು ಗಳಿಗೆ ತಡೆಯುತ್ತದೆ. ಪುಸ್ತಕ ದಪ್ಪವಾಯಿತು ಎಂದು ಸಮಿತಿಯ ದೂರು. ದಪ್ಪವಾಗಲಿ, ಫೆಬ್ರವರಿಯೂ ಆಗಲಿಲ್ಲವೇ.

ನಿಮ್ಮಲ್ಲಿ ನನ್ನದೊಂದು ಕೋರಿಕೆ, ಬೈಗುಳವೆಂದರೂ ಸರಿ. ನೀವು ಮರ ಬಿಟ್ಟು ಮರಕ್ಕೆ ಹಾರುವವರು, ಹಾರಿ. ಹಾರುವಾಗ ಕೈಪಿಡಿಯನ್ನು ಯಂತ್ರದ ಬಾಯಿಗೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ನಿಮ್ಮ ಭಾಷೆ ಬಲ್ಲ ಒಬ್ಬ ಮನುಷ್ಯ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಲಿ, ಅದೂ ಗಟ್ಟಿಯಾಗಿ ಓದಲಿ, ನಗು ಬಂದ ಕಡೆ ನಿಲ್ಲಲಿ. ನಾವು ನಕ್ಕು ಮುಂದೆ ಹೋದೆವು, ಅಲ್ಲೇ ಇತ್ತು ಬಾಗಿಲು. ಯಾಕೆ ಎಂದು ಕೇಳಿದಾಗ 'ಸಣ್ಣಪುಟ್ಟ' ಅನ್ನಬೇಡಿ. ಯಾವುದು ಸಣ್ಣದು, ಯಾವುದು ಪುಟ್ಟದು ಎಂದು ನಿಮಗೆ ಅಲ್ಲಿಂದ ಕಾಣುವುದಿಲ್ಲ.

ಇನ್ನು ಕೊನೆಯ ಮಾತು ಸಮಿತಿಯವರಿಗೆ. ಇದನ್ನು ಅವರೂ ಓದುತ್ತಿರುತ್ತಾರೆ, ಓದಲೇಬೇಕಾಗಿ ಬಂದಿದೆ. ಚೌಡಪ್ಪನವರೇ, ಅಡಿಗಲ್ಲನ್ನು ಬದಲಾಯಿಸಲು ಒಂದು ದಾರಿ ಇದೆ, ನಿಮಗೆ ಗೊತ್ತೇ ಇದೆ. ಇಡೀ ಒಂದೇಗೆರೆಯನ್ನು ಕೆಡವಿ ಮತ್ತೆ ಕಟ್ಟಬೇಕು, ಕೆಡವುವವರು ತಮ್ಮ ಹೆಸರು ಹಾಕಬೇಕು, ಕಾರಣ ಬರೆಯಬೇಕು. ಆ ಹೊಸ ಯಂತ್ರದಲ್ಲಿ ಯಾಕೆ ಎಂದು ಕೇಳುವ ಜಾಗ ಅದೊಂದೇ. ಅಳಿಸುವುದಾದರೆ ಅಳಿಸಿ. ಹೆಸರಿಗೂ ಕಾರಣಕ್ಕೂ ಕೆಳಗೆ ಜಾಗ ಬಿಟ್ಟಿದ್ದೇನೆ.

ಸೊಣ್ಣಮ್ಮ
ಕೈಪಿಡಿಗಾರ್ತಿ, ಆಳೂರು

ಅಳಿಸಿದವರು:
ಯಾಕೆ: